ಹಿತ್ತಲಲ್ಲಿ ಹೂತ ತಂತಿ

ಸೈನ್ಯದ ವೈರ್‌ಲೆಸ್ ವಿಭಾಗದಿಂದ ನಿವೃತ್ತನಾಗಿ ಬಂದು ಶಿರಾದಲ್ಲಿ ಮನೆ ಮಾಡಿದೆ. ರೇಡಿಯೋ ಬಲ್ಲವನೆಂಬ ಗೌರವ ತಾನಾಗಿ ಸಿಕ್ಕಿತು. ಪಕ್ಕದ ಬೀದಿಯ ಗಡಿಯಾರ ರಿಪೇರಿ ಸಾಬರು ಆಗಷ್ಟೇ ರೇಡಿಯೋ ಕೊಂಡಿದ್ದರು.

"ಅಣ್ಣಾ, ಎಣ್ಣೇಲಿ ಸಾಸಿವೆ ಸಿಡಿದಂಗೆ ಬರೀ ಚಟಪಟ ಅಂತದೆ. ನಮ್ಮ ಬೇಗಂ ಇದನ್ನ ಬಾವಿಗೆ ಹಾಕ್ತೀನಿ ಅಂತವ್ಳೆ."

ನಾನೇ ಹೋಗಿ ಮಾಳಿಗೆಯ ಮೇಲೆ ಏರಿಯಲ್ ಕಟ್ಟಿದೆ. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ ಅರ್ಥ್ ತಂತಿ ಹೂತೆ. "ದಿನಾ ಸಂಜೆ ಒಂದ್ ಕೊಡ ನೀರು ಹುಯ್ರಿ ಸಾಬ್ರೇ. ನೆಲ ಒಣಗಿದ್ರೆ ಹಾಡೂ ಒಣಗ್ತದೆ," ಎಂದೆ.

ಅರವತ್ತೈದರಲ್ಲಿ ಯುದ್ಧ ಬಂತು. ಊರಿನ ರಕ್ಷಣಾ ಸಮಿತಿಗೆ ನನ್ನನ್ನೂ ಸೇರಿಸಿಕೊಂಡರು. ಶತ್ರುವಿಗೆ ಸುದ್ದಿ ಕಳಿಸುವ ಯಂತ್ರವನ್ನು ಗುರುತಿಸುವುದು ಹೇಗೆಂದು ಪೊಲೀಸರಿಗೆ ಪಟ್ಟಿ ಬರೆದುಕೊಡಬೇಕಿತ್ತು. ಮಧುಗಿರಿ, ಪಾವಗಡಕ್ಕೂ ಅದೇ ಪಟ್ಟಿ ಹೋಗುತ್ತದೆ ಎಂದಾಗ ಎದೆ ಉಬ್ಬಿತು. ಎರಡು ಗುರುತು ಸಾಕಿತ್ತು, ಹನ್ನೊಂದು ಬರೆದೆ. ಆರನೆಯದು, ನೆಲದಲ್ಲಿ ಹೂತ ತಂತಿ, ಅದಕ್ಕೆ ದಿನವೂ ನೀರು ಹಾಕುವುದು. ಬರೆಯುವಾಗ ಸಾಬರು ನೆನಪಾಗಲೇ ಇಲ್ಲ.

ಮೂರನೆಯ ದಿನ ಠಾಣೆಯಿಂದ ಕರೆ ಬಂತು.

"ಬನ್ನಿ ಹವಾಲ್ದಾರ್ರೇ, ನಿಮ್ಮ ಬಲೇಗೆ ಆಗ್ಲೇ ಮೀನು ಬಿದ್ದೈತೆ!" ಎಂದು ದಫೇದಾರ ಗೇಟಿನಲ್ಲೇ ನಕ್ಕ.

ಒಳಗೆ ಬೆಂಚಿನ ಮೇಲೆ ಸಾಬರು. ಕಾಲ ಬಳಿ ಅವರ ರೇಡಿಯೋ, ಮಣ್ಣು ಮೆತ್ತಿದ ತಂತಿಯ ಸುರುಳಿ. ಅದರ ತುದಿಯ ಗಂಟು ನಾನು ಹಾಕಿದ್ದು. 

"ಹೂತೋರು ಯಾರು ಅಂದ್ರೆ ನಾನೇ ಅಂತಾರೆ. ನೀವು ಹೇಳಿ, ಇದು ಸುದ್ದಿ ಕಳಿಸೋದಾ, ಬರೀ ಕೇಳೋದಾ?" ಎಂದು ದಫೇದಾರ ಕೇಳಿದ.

ಬರೀ ಕೇಳುವ ರೇಡಿಯೋ. ಒಂದು ಮಾತು ಸಾಕಿತ್ತು, ಸಾಬರು ಆಗಲೇ ಮನೆಗೆ ಹೋಗುತ್ತಿದ್ದರು. ಆದರೆ ಮಾತು ಬೆಳೆದರೆ ತಂತಿ ಹೂತವನು ನಾನೆಂದು ತಿಳಿಯುತ್ತಿತ್ತು.

"ಬಿಚ್ಚಿ ನೋಡ್ಬೇಕು. ತುಮಕೂರಿಗೆ ಕಳಿಸಿ," ಎಂದೆ.

ಸಾಬರು ನನ್ನ ಮುಖ ನೋಡಿದರು. ಈಗ ನನ್ನ ಹೆಸರು ಹೇಳುತ್ತಾರೆ ಎನ್ನಿಸಿತು. ಹೇಳಲಿಲ್ಲ.

ಬರೀ ಕೇಳುವ ರೇಡಿಯೋ ಎಂದು ತುಮಕೂರಿನಿಂದ ಬರೆದು ಬರುವವರೆಗೆ, ಹದಿನೆಂಟು ದಿನ, ಅವರನ್ನು ಬಿಡಲಿಲ್ಲ. ಬಿಟ್ಟ ಮರುದಿನ ಬೆಳಿಗ್ಗೆ ನಮ್ಮ ಜಗಲಿಗೆ ಬಂದರು. ಬೈಯಲು ಬಂದರೆಂದುಕೊಂಡೆ.

"ಅಣ್ಣಾ, ನಿಮ್ಮ ಹೆಸರು ಎಲ್ಲೂ ಎತ್ಲಿಲ್ಲ. ಮಿಲ್ಟ್ರಿ ಪಿಂಚಣಿಗೆ ಏನಾನ ಆದಾತು ಅಂತ. ಹೂತಿದ್ದು ನಾನು ಅಂತ ನೀವೂ ಅನ್ನದೆ ಇದ್ದಿದ್ದು ಒಳ್ಳೇದಾತು, ಇಲ್ದಿದ್ರೆ ಇಬ್ರೂ ಒಳಗೆ! ಪೊಲೀಸ್ರ ಕೈಲಿದ್ದ ಆ ಪಟ್ಟೀನ ಅದ್ಯಾವ ಬೇಕೂಫ್ ಬರೆದ್ನೋ, ಜನ್ಮದಾಗೆ ರೇಡಿಯೋ ಕಂಡಿರಾಕಿಲ್ಲ," ಎಂದು ನಕ್ಕರು.

ನಾನೂ ನಕ್ಕೆ.

ಅವರು ದನಿ ತಗ್ಗಿಸಿದರು. "ಈಗ ಮತ್ತೆ ತಂತಿ ಹೂಳ್ಬೋದಾ ಅಣ್ಣಾ?"

ಗುದ್ದಲಿ ತೆಗೆದುಕೊಂಡು ಅವರ ಹಿಂದೆ ಹೋದೆ. ಅವರು ನೀರು ಹುಯ್ದರು, ನಾನು ಮಣ್ಣು ಮುಚ್ಚಿದೆ. ಆ ಪಟ್ಟಿ ಬರೆದವನು ನಾನೇ ಎಂದು ಅವರು ಇರುವವರೆಗೂ ಹೇಳಲಿಲ್ಲ.