ದೋನ್ ಗೋಯೋನ ಕಲ್ಲಿನ ಬೇನೆ

ಪೊಪೊಕಾಟೆಪೆಟ್ಲ್ ಎಂಬ ಉದ್ದನೆಯ ಹೆಸರು ನಕಾಶೆಯವರಿಗೆ ಬೇಕು. ಆ ಬೆಂಕಿಬೆಟ್ಟದ ಬುಡದಲ್ಲಿ ಬದುಕುವವರಿಗೆ ಅವನು ದೋನ್ ಗೋಯೋ, ಊರಿಗೇ ಹಿರಿಯ. ಪ್ರತಿ ಮಾರ್ಚಿನಲ್ಲಿ ಅವನ ಹುಟ್ಟುಹಬ್ಬಕ್ಕೆ ಹೊಸ ಕೋಟು, ಟೋಪಿ, ಟರ್ಕಿ ಕೋಳಿಯ ಖಾರದ ಸಾರು ಹೊತ್ತು ಮೇಲೆ ಹತ್ತುತ್ತಿದ್ದವನು ಕ್ರೆಸೆನ್ಸಿಯೋ. ಟೋಪಿಯ ಅಳತೆ ಹೇಗೆ ಗೊತ್ತು ಎಂದು ಕೇಳಿದರೆ, "ಅವಂದೂ ನನ್ನಂಥದೇ ತಲೆ" ಎನ್ನುತ್ತಿದ್ದ.

"ಹೌದೌದು, ಒಳಗೆ ಬರೀ ಹೊಗೆ," ಎನ್ನುತ್ತಿದ್ದಳು ಹೆಂಡತಿ ಯುಫೆಮಿಯಾ.

ಸಿಡಿಯುವ ಮೊದಲು ದೋನ್ ಗೋಯೋ ತನ್ನ ಕನಸಿಗೆ ಬಂದು ಹೇಳಿಯೇ ಹೇಳುತ್ತಾನೆ ಎಂಬುದು ಕ್ರೆಸೆನ್ಸಿಯೋನ ದೊಡ್ಡ ಹೆಮ್ಮೆ. ಹಾಗಾಗಿ ಊರು ಖಾಲಿ ಮಾಡಿಸಲು ಲಾರಿಗಳು ಬಂದ ದಿನ ಅವನು ಜಗಲಿಯಲ್ಲಿ ಕೂತು ಆರಾಮವಾಗಿ ಜೋಳ ಬಿಡಿಸುತ್ತಿದ್ದ.

"ಅವನಿನ್ನೂ ಹೇಳಿಲ್ಲ. ಹೇಳೋಕೆ ಮುಂಚೆ ಓಡಿಹೋದ್ರೆ ಏನಂದ್ಕೋತಾನೆ?"

ಬೆಟ್ಟದ ನಾಡಿ ಹಿಡಿಯಲು ಪಟ್ಟಣದಿಂದ ಬಂದಿದ್ದ ಫಾಬಿಯೋಲಾ ಅಂಗೈಯಲ್ಲಿ ಬೂದಿ ತಂದು ಭೂತಗನ್ನಡಿ ಹಿಡಿದಳು.

"ದೋನ್ ಕ್ರೆಸೆನ್ಸಿಯೋ, ನೋಡಿ. ಕರಗಿದ ಕಲ್ಲು ಆಳದಲ್ಲಿ ನಿಧಾನವಾಗಿ ಆರಿದ್ರೆ ದೊಡ್ಡ ಹರಳಾಗುತ್ತೆ. ಸರಸರ ಮೇಲೆ ಬಂದ್ರೆ ಚಿಕ್ಕಚಿಕ್ಕವು. ಈ ಬೂದಿಯಲ್ಲಿ ಬರೀ ಚಿಕ್ಕವೇ ಇವೆ. ಹರಳು ಹೆಚ್ಚಾದಷ್ಟೂ ಉಳಿದ ರಸ ಅಂಟಾಗುತ್ತೆ, ಅದರೊಳಗಿನ ಗಾಳಿಗೆ ದಾರಿ ಸಿಗಲ್ಲ. ಅವನ ಗಂಟಲು ಕಟ್ಟಿದೆ, ದಯವಿಟ್ಟು ಏಳಿ."

"ಚೆನ್ನಾಗಿ ಹೇಳ್ತೀಯ ಮಗಳೇ," ಎಂದು ಅವನು ಇನ್ನೊಂದು ತೆನೆ ಎತ್ತಿಕೊಂಡ.

ಕೊನೆಯ ಲಾರಿ ಹಾರನ್ ಹೊಡೆಯಿತು. ಅದರಲ್ಲಿ ಹತ್ತಿ ಕೂತಿದ್ದ ಯುಫೆಮಿಯಾ ಕಂಕುಳಲ್ಲಿದ್ದ ಕೋಳಿಯ ಸಮೇತ ಇಳಿದು ಬಂದಳು. ಗಂಡನನ್ನು ಬಿಟ್ಟು ಹೋಗುವುದು ಅವಳಿಂದಾಗದು. ಬಾಯಿ ಮಾತ್ರ ಎಂದಿನಂತೆ ಗಟ್ಟಿಯಾಗಿತ್ತು.

"ಏ ಮುದುಕಾ, ಆ ಹುಡುಗಿ ಹೇಳಿದ್ದು ಕೇಳಿಸ್ತಾ? ಒಳಗೆ ಕಲ್ಲಾಗಿದೆಯಂತೆ, ಗಾಳಿ ಹೋಗ್ತಿಲ್ವಂತೆ. ನಿಂಗೆ ಮೂತ್ರದಲ್ಲಿ ಕಲ್ಲಾದಾಗ ಏನ್ಮಾಡ್ದೆ?"

ಅವನ ಕೈ ನಿಂತಿತು.

"ನೋಡೋಕೆ ಬಂದ ಪಾದ್ರಿಗೆ ಚೊಂಬು ಎಸೆದೆ! ನನ್ನ ತಮ್ಮನ್ನ ಬಾಯಿಗೆ ಬಂದಂಗೆ ಬೈದು ಓಡಿಸ್ದೆ! ನೀನು ಯಾರ ಕನಸಿಗಾದ್ರೂ ಹೋಗಿ ಮೊದಲೇ ಹೇಳಿದ್ಯಾ?"

"ನೋವು ಅಂಥದ್ದು ಕಣೇ. ಯಾರ ಕಣ್ಣಿಗೂ ಬೀಳ್ಬಾರ್ದು ಅನ್ನಿಸ್ತಿತ್ತು."

"ಅವನಿಗೆ ಅನ್ನಿಸಲ್ವಾ? ಅವನು ಅಲ್ಲಿ ತಿಣುಕ್ತಾ ಇದ್ರೆ ನೀನು ಎದುರಿಗೇ ಕೂತು ಮುಖ ನೋಡ್ತಿದೀಯ. ನಾಚಿಕೆ ಆಗ್ಬೇಕು!"

ಕ್ರೆಸೆನ್ಸಿಯೋನ ಮುಖ ಪೆಚ್ಚಾಯಿತು. "ಹೌದೇನಮ್ಮ?" ಎಂದು ಫಾಬಿಯೋಲಾಳನ್ನು ಕೇಳಿದ.

ಅವಳು ಓದಿದ ಯಾವ ಪುಸ್ತಕದಲ್ಲೂ ಮೂತ್ರದ ಮಾತಿರಲಿಲ್ಲ. ಲಾರಿಯತ್ತ ಒಮ್ಮೆ ನೋಡಿದಳು. "ಹೆಚ್ಚುಕಮ್ಮಿ ಹಾಗೇ."

ಅವನು ಎದ್ದು, ಬೆಟ್ಟದ ಕಡೆ ನೋಡದೆ ಟೋಪಿ ತೆಗೆದ. "ಕ್ಷಮಿಸಪ್ಪಾ ಗೋಯೋ, ತಿಳೀಲಿಲ್ಲ. ಹೊರಟ್ವಿ. ನೀನು ನೆಮ್ಮದಿಯಾಗಿ ಮುಗಿಸ್ಕೋ."

ಲಾರಿ ಜೋಳದ ಹೊಲಗಳನ್ನು ದಾಟಿತ್ತಷ್ಟೇ, ಬೆನ್ನ ಹಿಂದೆ ಆಕಾಶವೇ ಬಿರಿದಂತಾಯಿತು. ಎಲ್ಲರ ಕತ್ತೂ ಒಟ್ಟಿಗೆ ತಿರುಗತೊಡಗಿತು.

"ಯಾರೂ ನೋಡಕೂಡದು!" ಕ್ರೆಸೆನ್ಸಿಯೋ ಗದರಿಸಿದ. "ಮರ್ಯಾದಸ್ಥ ಅವನು!"

ಇಡೀ ಲಾರಿ ತಲೆ ತಗ್ಗಿಸಿತು. ಯುಫೆಮಿಯಾ ಗಂಡನ ತೋಳನ್ನು ಬಿಗಿಯಾಗಿ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಬೆಟ್ಟ ಸಿಡಿಯುವುದನ್ನು ನೋಡುವುದಕ್ಕೆಂದೇ ಸಂಬಳ ತೆಗೆದುಕೊಳ್ಳುತ್ತಿದ್ದ ಫಾಬಿಯೋಲಾ ಕೂಡ ತನ್ನ ಬೂಟುಗಳನ್ನೇ ನೋಡುತ್ತ ಕೂತಳು.