ದಿಂಬಿನ ಚೀಲದ ಕಾಡಿಗೆ

ಆ ಹುಡುಗ ಹುಡುಗಿಯ ಕಥೆ ಹೇಳದ ಬಾಯಿ ನಮ್ಮ ಬೀದಿಯಲ್ಲಿಲ್ಲ. ಎರಡು ಮನೆಗಳ ಹಗೆ, ಕಿಟಕಿಯ ಪ್ರೇಮ, ಕೊನೆಗೆ ಹೊಳೆಯಲ್ಲಿ ಎರಡು ಹೆಣ. ಕೇಳಿದವರು ಮೂಗೊರೆಸಿಕೊಂಡು ಎದ್ದು ಹೋಗುತ್ತಾರೆ. ಅವರ ಕಾಗದಗಳಿಗೇನು ರೆಕ್ಕೆಯಿತ್ತೇ, ಹೊತ್ತವರು ಯಾರು ಅಂತ ಒಬ್ಬ ಪುಣ್ಯಾತ್ಮನೂ ಕೇಳಿಲ್ಲ. ಹೊತ್ತವಳು ನಮ್ಮ ದೊಡ್ಡಮ್ಮ.

ದೊಡ್ಡಮ್ಮ ಎರಡೂ ಮನೆಗಳ ಬಟ್ಟೆ ಒಗೆಯುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡದ ಆ ದೊಡ್ಡ ಮನುಷ್ಯರ ಒಳಚಡ್ಡಿಗಳು ನಮ್ಮ ಹಿತ್ತಲಿನ ಒಂದೇ ಹಗ್ಗದಲ್ಲಿ ಒತ್ತೊತ್ತಾಗಿ ಒಣಗುತ್ತಿದ್ದವು. ನೋಡಿ ದೊಡ್ಡಮ್ಮನೂ ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಪ್ರೇಮಿಗಳ ಕಾಗದ ಅಂಗಿಯ ಮಡಿಕೆಯೊಳಗೆ ಹೋಗಿಬರುತ್ತಿತ್ತು. ದೊಡ್ಡಮ್ಮನಿಗೆ ಅಕ್ಷರ ಬಾರದು. ಆದರೆ ಕಲೆ ಕಂಡರೆ ಎಣ್ಣೆಯದೋ ರಕ್ತದ್ದೋ ತುಕ್ಕಿನದೋ ಹೇಳಿಬಿಡುತ್ತಿದ್ದಳು. ಕಲೆ ಉಳಿದ ಬಟ್ಟೆ ಅವಳ ಕೈ ದಾಟಿ ಹೋದದ್ದೇ ಇಲ್ಲ.

ಹುಡುಗಿಗೆ ಬೇರೆ ಕಡೆ ಮದುವೆ ಗೊತ್ತಾಯಿತು. ಅಪ್ಪ ಅವಳನ್ನು ಕೋಣೆಯಲ್ಲಿ ಕೂಡಿಹಾಕಿ ಕಾಗದ, ಪೆನ್ನು ಕಿತ್ತುಕೊಂಡ. ಬುಧವಾರ ಬಟ್ಟೆ ತರಲು ಹೋದ ದೊಡ್ಡಮ್ಮನಿಗೆ ಅವಳು ಮಡಿಸಿದ ದಿಂಬಿನ ಚೀಲವೊಂದನ್ನು ಕೊಟ್ಟು, ಅವನ ಕೈಗೇ ಕೊಡು ಅಂತ ಪಿಸುಗುಟ್ಟಿದಳು. ಕಾವಲಿಗೆ ಸೋದರತ್ತೆ ನಿಂತಿದ್ದಳು. ಹೆಚ್ಚು ಮಾತಿಗೆ ಎಡೆಯಿರಲಿಲ್ಲ.

ಮನೆಗೆ ಬಂದು ಬಿಚ್ಚಿದರೆ ಒಳಗೆಲ್ಲ ಕಾಡಿಗೆ. ದೊಡ್ಡಮ್ಮನ ಕಣ್ಣು ತುಂಬಿತು.

"ಎಷ್ಟು ಅತ್ತಿದೆಯೋ ಕೂಸು. ಇದನ್ನ ಹೀಗೇ ನೋಡಿದ್ರೆ ಅವನ ಎದೆ ಒಡೆದುಹೋಗುತ್ತೆ."

ಸೋಪು ಹಚ್ಚಿ, ಬಿಸಿನೀರಿನಲ್ಲಿ ಮೂರು ಸಲ ತಿಕ್ಕಿ, ಇಸ್ತ್ರಿ ಮಾಡಿ ಅವತ್ತೇ ಸಂಜೆ ಹುಡುಗನ ಕೈಗೆ ಕೊಟ್ಟುಬಂದಳು. ನಾನು ಓದು ಬಲ್ಲವಳು. ಅಲ್ಲೇ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದೆ. ಕತ್ತೆತ್ತಿ ನೋಡಲಿಲ್ಲ, ನನ್ನ ಕರ್ಮ.

ಹುಡುಗ ಆ ಚೀಲವನ್ನು ತಿರುವಿ ತಿರುವಿ ನೋಡಿದನೆಂದು ಅವನ ತಂಗಿ ಆಮೇಲೆ ಹೇಳಿದಳು. ಒಂದಕ್ಷರವಿಲ್ಲ. ಅವಳು ತನ್ನನ್ನು ಬಿಟ್ಟಳೆಂದುಕೊಂಡ. ಮರುದಿನ ಹೊಳೆಗೆ ಹಾರಿದ.

ಸುದ್ದಿ ತಿಳಿದು ಓಡಿಹೋದ ದೊಡ್ಡಮ್ಮನ ಕೈಯನ್ನು ಹುಡುಗಿ ಹಿಡಿದುಕೊಂಡಳು.

"ಶುಕ್ರವಾರ ದೋಣಿ ಹತ್ರ ಬರ್ತೀನಿ ಅಂತ ಕಾಡಿಗೇಲಿ ಬರೆದಿದ್ದೆನಲ್ಲಕ್ಕಾ. ಅವನು ಓದಲಿಲ್ವಾ?"

"ಕಲೆ ಅಂದ್ಕೊಂಡೆ ತಾಯಿ. ಒಗೆದುಬಿಟ್ಟೆ."

ಹುಡುಗಿ ಬೈಯಲಿಲ್ಲ. ಬೈದಿದ್ದರೆ ದೊಡ್ಡಮ್ಮನ ಮನಸ್ಸು ಹಗುರಾಗುತ್ತಿತ್ತೇನೋ. ಹುಡುಗನೇ ಹೋದ ಮೇಲೆ ಕಾವಲೇಕೆಂದು ಅಪ್ಪ ಬೀಗ ತೆಗೆದ. ಶುಕ್ರವಾರ, ತಾನು ಬರೆದಿದ್ದ ದಿನವೇ, ಅವಳು ಹೊಳೆಗೆ ಹೋದಳು.

ಆಮೇಲೂ ದೊಡ್ಡಮ್ಮ ಹನ್ನೊಂದು ವರ್ಷ ಬಟ್ಟೆ ಒಗೆದಳು. ಹೊಟ್ಟೆ ಕೇಳಬೇಕಲ್ಲ. ಆದರೆ ಕಲೆಯಿದ್ದ ಒಂದೊಂದು ಬಟ್ಟೆಯನ್ನೂ ತಂದು ನನ್ನ ಮುಂದೆ ಹಿಡಿಯುತ್ತಿದ್ದಳು.

"ಏನಾದ್ರೂ ಬರೆದಿದೆಯಾ, ಸರಿಯಾಗಿ ನೋಡೇ."

ಬರೀ ಎಣ್ಣೆ ದೊಡ್ಡಮ್ಮ, ಅನ್ನುತ್ತಿದ್ದೆ. ಎರಡು ಸಲ ಹೇಳಿಸಿಕೊಂಡ ಮೇಲೆಯೇ ನೀರಿಗೆ ಅದ್ದುತ್ತಿದ್ದಳು.