ಅಡುಗೆಯಕ್ಕನ ಅಂಗೈ

ಹೊಸದುರ್ಗದ ನಮ್ಮ ಹಾಸ್ಟೆಲಿನ ಅಡುಗೆಯಕ್ಕನದು ಅನ್ನದ ನೀರು, ಸಾರಿನ ಉಪ್ಪು, ಯಾವುದರ ಅಳತೆ ಕೇಳಿದರೂ ಒಂದೇ ಮಾತು: "ಕೈ ಹೇಳ್ತೈತೆ."

ನಾವು ಹುಡುಗಿಯರು ಹಿತ್ತಲಲ್ಲಿ ಇಟ್ಟಿಗೆ, ಕೆಮ್ಮಣ್ಣಿನಿಂದ ಪಿಜ್ಜಾ ಒಲೆ ಕಟ್ಟಿ, ಅವತ್ತೇ ಬೆಂಕಿ ಹಾಕಲು ಕುಣಿದಾಗ ಅಕ್ಕ ಸೌದೆಯ ಮೇಲೇ ಕುಳಿತುಬಿಟ್ಟರು. "ಹಸಿ ಒಲೆ ಬಾಯಿ ಬಿಡ್ತೈತೆ ಕಣ್ರೇ, ತಡ್ಕಳ್ರಿ!"

ದಿನಾ ಬಂದು ಒಲೆಗೆ ಅಂಗೈ ಒತ್ತುವರು, ಬೇಡವೆಂದು ತಲೆಯಾಡಿಸುವರು. ಆರನೆಯ ದಿನ ಅಂಗೈ ಒತ್ತಿದವರೇ, "ಹಚ್ರಿ!" ಎಂದರು. ನಮ್ಮ ಕಿರುಚಾಟಕ್ಕೆ ವಾರ್ಡನ್ ಓಡಿಬಂದರು. ಜಾಲಿ ಸೌದೆ ಧಗಧಗ ಉರಿಯಿತು, ಒಲೆ ಒಂದಿಷ್ಟೂ ಬಿರುಕು ಬಿಡಲಿಲ್ಲ, ಒಳಗಿಟ್ಟ ಪಿಜ್ಜಾದ ಮೇಲೆ ಚೀಸ್ ಕೊತಕೊತ ಕುದಿಯಿತು!

ಮೊದಲ ತುಂಡು ಅಕ್ಕನಿಗೆ. ಅವರು ನಿಧಾನವಾಗಿ ಅಗಿದು ನುಂಗಿದರು.

"ಹೆಂಗೈತಕ್ಕಾ?"

"ಒಲೆ ಬಾಳ ಚೆನ್ನಾಗೈತೆ. ನಾಳೆ ಇದ್ರಾಗೆ ಬದ್ನೇಕಾಯಿ ಸುಡಾಣ."